ದಾಳವೂ ಸಂಕಲ್ಪವೂ

ಅರಸೀಕೆರೆಗೆ ಸಮೀಪವಾದ ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಎರಡು ದೇವಾಲಯಗಳಿವೆ. ಒಂದು ಸೋಮೇಶ್ವರನದು, ಮತ್ತೊಂದು ಲಕ್ಷ್ಮೀನರಸಿಂಹನದು. ಎರಡನೆಯದನ್ನು ಕ್ರಿ.ಶ. ೧೨೩೫ರಲ್ಲಿ ಪೆದ್ದಣ್ಣ ಹೆಗ್ಗಡೆಯೂ ಅವನ ಸೋದರರಾದ ಸೋವಣ್ಣ ಕೇಸಣ್ಣರೂ ಕಟ್ಟಿಸಿದರು. ಹಳೇಬೀಡನ್ನು ನೋಡಿಕೊಂಡು ಇಲ್ಲಿಗೆ ಬಂದವರು ಹೊರಗೋಡೆಯನ್ನು ಒಂದು ಸುತ್ತು ಬಂದರೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಅಡಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು, ಅದರ ಮೇಲೆ ಬಳ್ಳಿಯ ಸುರುಳಿ. ತುದಿಯಲ್ಲಿ ಮಕರಗಳು, ಹಂಸಗಳು. ನಡುವೆ ಪುರಾಣಕಥೆಗಳಿಗೆಂದು ಮೀಸಲಾಗುವ ಪಟ್ಟಿಕೆ ಮಾತ್ರ ಬರಿದಾಗಿ ಉಳಿದಿದೆ. ಹಳೇಬೀಡಿನ ಗೋಡೆಯಲ್ಲಿ ಕಥೆ ಮುಗಿದುಹೋಗಿದೆ. ಅಲ್ಲಿ ಅಭಿಮನ್ಯುವು ಚಕ್ರವ್ಯೂಹವನ್ನು ಹೊಕ್ಕಾಗಿದೆ, ಇನ್ನು ಅವನು ಹೊರಬರುವಂತಿಲ್ಲ. ಹಾರನಹಳ್ಳಿಯ ಗೋಡೆಯಲ್ಲಿ ಕಥೆಗೆ ಸ್ಥಳವಿದೆ, ಕಥೆಯಿಲ್ಲ.

ಕಥೆಗೆ ಸ್ಥಳವನ್ನು ಮಾತ್ರ ಸಿದ್ಧಪಡಿಸಿ, ಕಥೆಯನ್ನು ಆಡುವವರ ಕೈಗೆ ಬಿಡುವ ಒಂದು ಬಗೆಯ ಮೇಜಿನಾಟವು ೧೯೭೪ರಿಂದೀಚೆಗೆ ಲೋಕದಲ್ಲೆಲ್ಲ ಹಬ್ಬಿದೆ. ಬೆಂಗಳೂರು ಮುಂತಾದ ನಗರಗಳಲ್ಲಿಯೂ ತರುಣರು ಇದನ್ನು ಆಡುವುದುಂಟು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುವರು. ಒಬ್ಬನು ಸೂತ್ರಧಾರ, ಉಳಿದವರಲ್ಲಿ ಪ್ರತಿಯೊಬ್ಬರೂ ಒಬ್ಬ ಕಲ್ಪಿತ ವ್ಯಕ್ತಿಯನ್ನು, ಯೋಧನನ್ನೋ ಕಳ್ಳನನ್ನೋ ಮಾಂತ್ರಿಕನನ್ನೋ, ತಮ್ಮದಾಗಿ ಮಾಡಿಕೊಂಡು ಆ ವ್ಯಕ್ತಿಯ ಬಾಯಿಂದಲೇ ಮಾತನಾಡುವರು. ವೇಷ ಬೇಕಿಲ್ಲ, ರಂಗ ಬೇಕಿಲ್ಲ, ನೋಡುವವರೂ ಬೇಕಿಲ್ಲ.

ಕರಾವಳಿ ಮಲೆನಾಡುಗಳಲ್ಲಿಯೂ ಕಾಸರಗೋಡಿನಲ್ಲಿಯೂ ತಾಳಮದ್ದಳೆಯ ಕೂಟವನ್ನು ಕೇಳಿ ಬಲ್ಲವರಿಗೆ ಇದರಲ್ಲಿ ಅರ್ಧಭಾಗ ಪರಿಚಿತವೇ. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತೇ ಕೃಷ್ಣನಾಗುವರು, ಕರ್ಣನಾಗುವರು. ಆಡುವ ಮಾತನ್ನು ಮೊದಲೇ ಬರೆದಿಟ್ಟುಕೊಂಡಿರುವುದಿಲ್ಲ. ಆದರೆ ಕರ್ಣಪರ್ವದ ಕೂಟದಲ್ಲಿ ಕರ್ಣನ ಅರ್ಥಧಾರಿ ಎಷ್ಟೇ ಪ್ರೌಢವಾಗಿ ವಾದಿಸಲಿ, ಶಲ್ಯನನ್ನು ಮಾತಿನಲ್ಲಿ ಎಷ್ಟೇ ಸೋಲಿಸಲಿ, ಬೆಳಗಾಗುವುದರೊಳಗೆ ಕರ್ಣನು ಬೀಳಲೇಬೇಕು. ಭಾಗವತನ ಮುಂದಿರುವ ಪ್ರಸಂಗದ ಹೊತ್ತಗೆ ಅದನ್ನು ನಿರ್ಣಯಿಸಿಯಾಗಿದೆ. ಮೇಜಿನಾಟದಲ್ಲಿ ಅಂಥ ಹೊತ್ತಗೆಯಿಲ್ಲ. ಅಲ್ಲಿ ಕರ್ಣನು ಬದುಕಿ ಉಳಿಯಲೂಬಹುದು. ಹಾಗಾದರೆ ಅವನು ಬದುಕಿದನೆ ಸತ್ತನೆ ಎಂಬುದನ್ನು ಹೇಳತಕ್ಕವರು ಯಾರು? ಆಡುವವನೇ ಹೇಳಿಕೊಳ್ಳುವುದಾದರೆ ಯಾರೂ ಎಂದಿಗೂ ಸೋಲರು. ಸೂತ್ರಧಾರನೊಬ್ಬನೇ ಹೇಳುವುದಾದರೆ ಉಳಿದವರು ಕೇಳುಗರಾಗಿಬಿಡುವರು. ಈ ಇಬ್ಬರ ನಡುವೆ ಮೂರನೆಯವನಾಗಿ ಕುಳಿತಿರುವುದು ದಾಳ. ಅದಕ್ಕೆ ಈ ಅಧಿಕಾರವು ಒಂದೇ ಸಲಕ್ಕೆ ಬಂದುದಲ್ಲ.

ಹಳಗನ್ನಡದಲ್ಲಿ ದಾಳದಾಟಕ್ಕೆ ನೆತ್ತವೆಂದು ಹೆಸರು. ಭಾರತ ದೇಶದಲ್ಲಿ ಅದರ ಪ್ರಾಚೀನತೆ ಬಹಳ. ಮೊಹೆಂಜೊದಾರೊವಿನ ಅಗೆತಗಳಲ್ಲಿಯೇ ದಾಳಗಳು ದೊರೆತಿವೆ. ಋಗ್ವೇದದ ಹತ್ತನೆಯ ಮಂಡಲದ ೩೪ನೆಯ ಸೂಕ್ತವು ಜೂಜುಗಾರನ ಪ್ರಲಾಪಕ್ಕೆ ಮೀಸಲಾಗಿದೆ. ಆ ಕಾಲದ ಅಕ್ಷವು ಚೌಕವಾದ ದಾಳವಲ್ಲ, ತಾರೆಮರದ ಕಾಯಿ. ರಾಶಿಯಿಂದ ತೆಗೆದ ಕಾಯಿಗಳನ್ನು ನಾಲ್ಕುನಾಲ್ಕಾಗಿ ಎಣಿಸಿ, ಶೇಷವಿಲ್ಲದಿದ್ದರೆ ಕೃತ, ಮೂರು ಉಳಿದರೆ ತ್ರೇತಾ, ಎರಡು ಉಳಿದರೆ ದ್ವಾಪರ, ಒಂದು ಉಳಿದರೆ ಕಲಿ ಎಂದು ಕರೆಯುತ್ತಿದ್ದರೆಂದು ವಿದ್ವಾಂಸರು ಊಹಿಸಿರುವರು. ನಾಲ್ಕು ಯುಗಗಳಿಗೂ ಜೂಜಿನ ನಾಲ್ಕು ಗರಗಳಿಗೂ ಹೆಸರು ಒಂದೇ ಆಗಿರುವುದು ಸ್ವಾರಸ್ಯವಲ್ಲವೆ?

ಈ ನೆತ್ತದಲ್ಲಿ ಆಡುವವನು ಮಾಡುವ ಕೆಲಸ ಬಹು ಸ್ವಲ್ಪ. ಪಣವನ್ನು ಒಡ್ಡುವುದು, ಎಸೆಯುವುದು, ನೋಡುವುದು, ಇಷ್ಟೇ. ವ್ಯಾಸಭಾರತದ ಸಭಾಪರ್ವವನ್ನು ಈ ದೃಷ್ಟಿಯಿಂದ ಓದಿದರೆ ಒಂದು ವಿಷಯ ಸ್ಪಷ್ಟವಾಗುವುದು. ಧರ್ಮರಾಯನು ಒಡ್ಡಿದ ಪಣಗಳನ್ನೆಲ್ಲ ಕವಿಯು ವಿಸ್ತಾರವಾಗಿ ವರ್ಣಿಸುತ್ತಾನೆ. ಪ್ರತಿ ಸಲವೂ ಗೆದ್ದೆನೆಂದು ಶಕುನಿಯು ಸಾರುವುದನ್ನು ಹೇಳುತ್ತಾನೆ. ಬಿದ್ದ ಗರ ಎಷ್ಟೆಂಬುದನ್ನು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಗರಕ್ಕೂ ಫಲಕ್ಕೂ ನಡುವೆ ಮನುಷ್ಯನ ಬುದ್ಧಿ ಹೊಕ್ಕು ಕೆಲಸಮಾಡುವುದಕ್ಕೆ ಆ ಆಟದಲ್ಲಿ ಸಂದಿಯೇ ಇಲ್ಲ. ಅದೇ ಮಹಾಭಾರತದಲ್ಲಿ ನಳನ ಕಥೆಯು ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಋತುಪರ್ಣನು ಓಡುವ ರಥದಿಂದಲೇ ತಾರೆಮರದ ಎಲೆಗಳನ್ನೂ ಕಾಯಿಗಳನ್ನೂ ಇಷ್ಟೆಂದು ಲೆಕ್ಕಹಾಕಿ ಹೇಳಿ, ಬಾಹುಕನ ವೇಷದ ನಳನಿಗೆ ಅಕ್ಷಹೃದಯವನ್ನು ಉಪದೇಶಿಸುವನು. ದಾಳದ ಒಳಗೆ ಗಣಿತವಿದೆಯೆಂಬ ಅರಿವು ಆ ಕಾಲಕ್ಕೇ ಮೊಳೆತಿತ್ತೆಂಬುದಕ್ಕೆ ಈ ಉಪಾಖ್ಯಾನವು ಸಾಕ್ಷಿ.

ನೆತ್ತದಿಂದ ಪಗಡೆಗೆ ಬಂದರೆ ಗಾಳಿಯೇ ಬೇರೆ. ಕನ್ನಡ ನಾಡಿನ ಮನೆಗಳಲ್ಲಿ ಪಗಡೆಯ ಹಾಸು ಎಂದರೆ ನಾಲ್ಕು ತೋಳಿನ ಬಟ್ಟೆ. ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು ೯೬ ಮನೆಗಳು. ನಾಲ್ಕು ಬಣ್ಣದ ಹದಿನಾರು ಕಾಯಿಗಳು. ದಾಳಗಳು ನೀಳವಾಗಿರುವುದರಿಂದ ನಿಲ್ಲುವುದಕ್ಕೆ ನಾಲ್ಕೇ ಮುಖ. ಹಾಸೂ ದಾಳವೂ ಇಲ್ಲದ ಮನೆಯಲ್ಲಿ ಚೌಕಾಬಾರವುಂಟು. ಜಗಲಿಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಐದೈದು ಮನೆಗಳ ಚೌಕವನ್ನು ಎಳೆದು, ನಾಲ್ಕು ಕವಡೆಗಳನ್ನು ಕೈಗೆ ತೆಗೆದುಕೊಂಡರೆ ಆಟಕ್ಕೆ ಎಲ್ಲವೂ ಸಿದ್ಧ. ಕವಡೆ ಸಿಕ್ಕದಿದ್ದರೆ ಹುಣಸೆಬೀಜವನ್ನು ಒಂದು ಕಡೆ ಬೆಳ್ಳಗಾಗುವವರೆಗೆ ಕಲ್ಲಿಗೆ ತೇಯ್ದರೂ ಆದೀತು. ಕಾಯಿಯು ಹೊರಸುತ್ತಿನ ಹದಿನಾರು ಮನೆಗಳನ್ನೂ ಒಳಸುತ್ತಿನ ಎಂಟು ಮನೆಗಳನ್ನೂ ದಾಟಿ ನಡುಮನೆಗೆ ಸೇರಿದರೆ ಹಣ್ಣಾಯಿತು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ. ಅಹಿಂಸೆಯನ್ನು ಬೋಧಿಸುವ ಅಜ್ಜಿಯರೂ ಈ ನಿಯಮದ ವಿಷಯದಲ್ಲಿ ಮೊಮ್ಮಕ್ಕಳಿಗೆ ವಿನಾಯಿತಿ ತೋರಿಸರು.

ನಾಲ್ಕು ಕವಡೆಗಳ ಲೆಕ್ಕವನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಬಾಯಿ ಮೇಲಾಗಿ ಬಿದ್ದ ಕವಡೆಗಳ ಸಂಖ್ಯೆಯೇ ಗರ. ನಾಲ್ಕೂ ಮೇಲಾದರೆ ನಾಲ್ಕು, ಅದು ಚೌಕ. ನಾಲ್ಕೂ ಕವುಚಿ ಬಿದ್ದರೆ ಎಂಟು, ಅದು ಬಾರ. ಈ ಎರಡು ಗರಗಳಿಗೆ ಮತ್ತೊಂದು ಸಲ ಹಾಕುವ ಅವಕಾಶವುಂಟು. ಕವಡೆಯು ಮೇಲಾಗುವುದೂ ಕವುಚುವುದೂ ಸಮವೆಂದು ಇಟ್ಟುಕೊಂಡರೆ ನಾಲ್ಕು ಕವಡೆಗಳು ಬೀಳತಕ್ಕ ಬಗೆಗಳು ಹದಿನಾರು. ಅವುಗಳಲ್ಲಿ ಎರಡರ ಗರಕ್ಕೆ ಆರು ಬಗೆ, ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ನಿಜವಾದ ಕವಡೆಯು ಬೆನ್ನು ಉಬ್ಬಿದ ವಸ್ತುವಾದುದರಿಂದ ಎರಡು ಕಡೆಗೂ ಸಮನಾಗಿ ಬೀಳುವುದಿಲ್ಲ. ಈ ಲೆಕ್ಕವು ಸ್ಥೂಲವಾದುದು. ಆದರೂ ಎರಡು ಮನೆ ಹಿಂದೆ ಶತ್ರುವಿನ ಕಾಯಿರುವಾಗ ಅಲ್ಲಿ ನಿಲ್ಲಬೇಡವೆಂದು ಹೇಳುವ ಹಿರಿಯರು ಗಣಿತವನ್ನು ಓದದೆಯೇ ಈ ಲೆಕ್ಕವನ್ನು ಬಲ್ಲವರಾಗಿದ್ದರು.

ಗರ ಬಿದ್ದ ಮೇಲೆ ಏನಾಗುತ್ತದೆ ಎಂಬುದೇ ಇಲ್ಲಿ ಮುಖ್ಯ. ಮೂರು ಬಿತ್ತು, ಯಾವ ಕಾಯನ್ನು ನಡೆಸುವುದು? ಮುಂದಿರುವುದನ್ನು ಕಟ್ಟೆಗೆ ಸೇರಿಸಿ ಕಾಪಾಡುವುದೆ? ಹಿಂದಿರುವುದರಿಂದ ಹೊಡೆಯುವುದೆ? ಹೊಡೆದರೆ ಹೊಡೆದದ್ದು ತಾನು, ದಾಳವಲ್ಲ. ಪಗಡೆಯಲ್ಲಿಯೂ ಚೌಕಾಬಾರದಲ್ಲಿಯೂ ಮೊದಲು ದೈವ, ಆಮೇಲೆ ಬುದ್ಧಿ. ಕೊಟ್ಟದ್ದನ್ನು ಹೇಗೆ ಬಳಸಿದನೆಂಬುದರಿಂದ ಆಟಗಾರನನ್ನು ಅಳೆಯುವರು. ಕೂಡುಕುಟುಂಬದ ಮನೆಗಳಲ್ಲಿ ಈ ಆಟಗಳು ಇಷ್ಟು ಕಾಲ ನಿಂತುದಕ್ಕೆ ಇದೂ ಒಂದು ಕಾರಣವಾಗಿರಬಹುದು: ಮಗುವಿಗೂ ಒಳ್ಳೆಯ ಗರ ಬಿದ್ದೀತು, ಅಜ್ಜನಿಗೂ ಕೆಟ್ಟದ್ದು ಬಿದ್ದೀತು.

ದಾಳವು ಚತುರಂಗದ ಮೇಲೂ ಒಮ್ಮೆ ಕೈಯಿಟ್ಟಿತ್ತು. ಸುಮಾರು ೧೦೩೦ರಲ್ಲಿ ಅಲ್‌ಬೇರೂನಿಯು ಭಾರತವನ್ನು ಕುರಿತು ಬರೆದ ಗ್ರಂಥದಲ್ಲಿ ನಾಲ್ವರು ಕೂಡಿ ಆಡುವ ಚತುರಂಗವನ್ನು ವಿವರಿಸಿರುವನು. ಅದರಲ್ಲಿ ಯಾವ ಕಾಯಿ ನಡೆಯಬೇಕೆಂಬುದನ್ನು ದಾಳವೇ ಗೊತ್ತುಮಾಡುತ್ತಿತ್ತು. ಚತುರಂಗವು ಆಮೇಲೆ ದಾಳವನ್ನು ಕಳಚಿಹಾಕಿ ಶುದ್ಧ ಬುದ್ಧಿಯ ಆಟವಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚತುರಂಗಕ್ಕೂ ಪಾಶಕಕ್ಕೂ ಕವಡೆಯಾಟಕ್ಕೂ ಸ್ಥಳವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಹೊಸ ಹಾಸುಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಆದರೆ ಅರಮನೆಯ ಆಟಗಳಲ್ಲಿಯೂ ದಾಳವು ಕಾಯಿಗೆ ಹೆಜ್ಜೆಗಳನ್ನು ಎಣಿಸಿಕೊಡುವ ಕೆಲಸದಲ್ಲಿಯೇ ಉಳಿಯಿತು.

ದಾಳಕ್ಕೆ ಬೇರೊಂದು ಉದ್ಯೋಗ ದೊರೆತುದು ಪ್ರಷ್ಯಾ ದೇಶದಲ್ಲಿ. ರೈಸ್ವಿಟ್ಜ್ ಎಂಬ ಗೃಹಸ್ಥನು ೧೮೧೨ರಲ್ಲಿ ಅಲ್ಲಿನ ದೊರೆಗೆ ಒಂದು ಯುದ್ಧದಾಟವನ್ನು ಮಾಡಿಸಿಕೊಟ್ಟನು. ಸೈನ್ಯಾಧಿಕಾರಿಯಾಗಿದ್ದ ಅವನ ಮಗನು ೧೮೨೪ರಲ್ಲಿ ಅದನ್ನು ತಿದ್ದಿ, ನಕ್ಷೆಯ ಮೇಲೆ ಆಡುವಂತೆ ಮಾಡಿ, ನಿಯಮಗಳನ್ನು ಅಚ್ಚು ಹಾಕಿಸಿದನು. ಎರಡು ಪಕ್ಷದವರೂ ತಮ್ಮ ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಒಪ್ಪಿಸಬೇಕು. ಇಂಥ ದಂಡು ಇಂಥ ಗುಡ್ಡದ ಮೇಲೆ ಏರಿಹೋಗಲಿ ಎಂದು ಸೇನಾಪತಿ ಹೇಳಿದರೆ, ಏರಿಹೋಗುವುದರಲ್ಲಿ ಎಷ್ಟು ಮಂದಿ ಬಿದ್ದರು, ಏರಿದರೊ ಹಿಮ್ಮೆಟ್ಟಿದರೊ ಎಂಬುದನ್ನು ಮಧ್ಯಸ್ಥನು ವಿಶೇಷವಾಗಿ ಗುರುತುಹಾಕಿದ ದಾಳಗಳನ್ನು ಎಸೆದು ತಿಳಿಯುತ್ತಿದ್ದನು. ಪಗಡೆಯ ಕ್ರಮವು ಇಲ್ಲಿ ತಲೆಕೆಳಗಾಯಿತು. ಸಂಕಲ್ಪ ಮೊದಲು, ದಾಳ ಆಮೇಲೆ. ಯುದ್ಧವನ್ನು ನೋಡಿದ್ದವರಿಗೆ ಇದು ಸಹಜವಾಗಿ ತೋರಿರಬೇಕು. ರಣರಂಗದಲ್ಲಿ ಯಾವ ಸೇನಾಪತಿಯೂ ಗರವನ್ನು ಮೊದಲು ನೋಡಿಕೊಂಡು ಆಮೇಲೆ ಆಜ್ಞೆ ಕೊಡುವುದಿಲ್ಲ.

ಕೆಲವು ಕಾಲದಲ್ಲಿಯೇ ಇದರ ವಿಷಯದಲ್ಲಿ ಜಗಳವೂ ಹುಟ್ಟಿತು. ನಿಯಮಗಳು, ಪಟ್ಟಿಗಳು, ದಾಳಗಳು ಇವೆಲ್ಲ ಆಟವನ್ನು ತೊಡಕು ಮಾಡುತ್ತವೆ, ಅನುಭವಸ್ಥನಾದ ಮಧ್ಯಸ್ಥನ ವಿವೇಕವೇ ಸಾಕು ಎಂದು ಫೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ೧೮೭೬ರಲ್ಲಿ ವಾದಿಸಿದನು. ಈ ವಾದವು ಈಗಲೂ ಮುಗಿದಿಲ್ಲ. ವಿವೇಕಿಯಾದ ಮಧ್ಯಸ್ಥನು ದಾಳಕ್ಕಿಂತ ಮೇಲೆಂಬುದು ನಿಜವೇ. ಆದರೆ ವಿವೇಕಿಯಾದ ಮಧ್ಯಸ್ಥನು ಪ್ರತಿ ಊರಿನಲ್ಲಿಯೂ ಸಿಕ್ಕುವುದಿಲ್ಲ, ದಾಳ ಸಿಕ್ಕುತ್ತದೆ.

ಅಮೆರಿಕದಲ್ಲಿ ಈ ಯುದ್ಧದಾಟವನ್ನು ವಿನೋದಕ್ಕಾಗಿ ಆಡುವ ಗೆಳೆಯರ ಕೂಟಗಳು ಬೆಳೆದವು. ೧೯೬೯ರಲ್ಲಿ ಮಿನ್ನೆಸೋಟ ಸಂಸ್ಥಾನದ ಡೇವಿಡ್ ವೆಸ್ಲಿಯು ಒಂದು ಹೊಸ ಯುಕ್ತಿಯನ್ನು ಹೂಡಿದನು. ಆಡುವವರಿಗೆ ಒಂದೊಂದು ಸೈನ್ಯವನ್ನು ಕೊಡುವುದಕ್ಕೆ ಬದಲಾಗಿ ಒಂದು ಕಲ್ಪಿತ ಪಟ್ಟಣದ ಒಬ್ಬೊಬ್ಬ ವ್ಯಕ್ತಿಯನ್ನು ಕೊಟ್ಟನು. ಅದರಲ್ಲಿ ಆಡಿದ್ದ ಡೇವ್ ಆರ್ನೆಸನ್ ಎಂಬಾತನು ಅದನ್ನು ಕೋಟೆ, ನೆಲಮಾಳಿಗೆ, ಭೂತಪ್ರೇತಗಳ ಲೋಕಕ್ಕೆ ಒಯ್ದನು. ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸನು ಆರ್ನೆಸನನೊಡನೆ ಸೇರಿ ನಿಯಮಗಳನ್ನು ಬರೆದನು. ಮೂರು ಸಣ್ಣ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ೧೯೭೪ರಲ್ಲಿ 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಹೆಸರಿನಿಂದ ಪ್ರಕಟಿಸಿದರು. ಮೊದಲ ಮುದ್ರಣ ಸಾವಿರ ಪ್ರತಿ.

ಆ ಪೆಟ್ಟಿಗೆಯೊಡನೆ ದಾಳಗಳ ಕುಲವೂ ಬೆಳೆಯಿತು. ಆರು ಮುಖದ್ದಲ್ಲದೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದವು ಬಂದವು. ಇವೆಲ್ಲ ರೇಖಾಗಣಿತದವರು ಬಹುಕಾಲದಿಂದ ಬಲ್ಲ ಐದು ಸಮಘನಾಕೃತಿಗಳೇ. ಗಣಿತದ ಪಾಠೋಪಕರಣಗಳನ್ನು ಮಾರುವವರಿಂದ ಇವನ್ನು ಮೊದಲು ತರಿಸಿಕೊಂಡರು. ಆಗಿನ ಇಪ್ಪತ್ತು ಮುಖದ ದಾಳದ ಮೇಲೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಗಳನ್ನೇ ಎರಡು ಸಲ ಕೆತ್ತಿರುತ್ತಿತ್ತು. ಇಪ್ಪತ್ತು ಮುಖದ ದಾಳವೇನೋ ಹೊಸದಲ್ಲ. ಗ್ರೀಕರು ಆಳುತ್ತಿದ್ದ ಕಾಲದ ಈಜಿಪ್ಟಿನಲ್ಲಿ ಮುಖಕ್ಕೊಂದು ಗ್ರೀಕ್ ಅಕ್ಷರವನ್ನು ಕೆತ್ತಿದ ಅಂಥ ದಾಳಗಳಿದ್ದವು.

ಈಗ ಆಟದ ಒಳಕ್ಕೆ ಹೋಗಬಹುದು. ಮೊದಲು ವ್ಯಕ್ತಿಯನ್ನು ಅಳೆಯುವರು. ಬಲ, ಬುದ್ಧಿ, ವಿವೇಕ, ದೇಹದಾರ್ಢ್ಯ, ಚುರುಕು, ವರ್ಚಸ್ಸು ಎಂಬ ಆರು ಗುಣಗಳಿಗೆ ೧೯೭೪ರ ನಿಯಮದಂತೆ ಮೂರು ಮೂರು ದಾಳಗಳನ್ನು ಎಸೆದು ಕೂಡಿಸುತ್ತಿದ್ದರು. ಮೂರು ದಾಳಗಳು ಬೀಳುವ ಬಗೆಗಳು ೨೧೬. ಹದಿನೆಂಟು ಬರುವುದು ಅವುಗಳಲ್ಲಿ ಒಂದೇ ಬಗೆಯಿಂದ. ಹತ್ತು ಇಪ್ಪತ್ತೇಳು ಬಗೆಗಳಿಂದ, ಹನ್ನೊಂದೂ ಅಷ್ಟೇ. ಆದುದರಿಂದ ಸಾಮಾನ್ಯರು ಬಹಳ, ಭೀಮಸೇನರು ವಿರಳ. ನಾಲ್ಕು ಕವಡೆಗಳಲ್ಲಿ ಎರಡರ ಗರವು ಹೆಚ್ಚಾಗಿ ಬೀಳುವುದಕ್ಕೂ ಇದಕ್ಕೂ ತತ್ತ್ವ ಒಂದೇ.

ಆಮೇಲೆ ಕ್ರಿಯೆ. ಆಟದ ಗೂಢಚಾರನೊಬ್ಬನು ರಾತ್ರಿಯಲ್ಲಿ ಕೋಟೆಯ ಗೋಡೆಯನ್ನು ಹತ್ತಬೇಕಾಗಿದೆ ಎಂದು ಭಾವಿಸೋಣ. ಆಡುವವನು ಮೊದಲು ತನ್ನ ಸಂಕಲ್ಪವನ್ನು ಬಾಯಿಬಿಟ್ಟು ಹೇಳಬೇಕು: ಹಗ್ಗವಿಲ್ಲದೆ, ಕಲ್ಲಿನ ಸಂದುಗಳನ್ನು ಹಿಡಿದು ಹತ್ತುತ್ತೇನೆ. ಸೂತ್ರಧಾರನು ಗೋಡೆಯ ಕಷ್ಟವನ್ನು ಅಂದಾಜುಮಾಡಿ ಹದಿನೈದು ಎನ್ನುವನು. ಗೂಢಚಾರನ ಅಭ್ಯಾಸಕ್ಕೆಂದು ಮೂರು ಕೂಡಿಸಿಕೊಳ್ಳಬಹುದು. ಆದುದರಿಂದ ಇಪ್ಪತ್ತು ಮುಖದ ದಾಳದಲ್ಲಿ ಹನ್ನೆರಡು ಅಥವಾ ಅದಕ್ಕೆ ಮೇಲ್ಪಟ್ಟು ಬಿದ್ದರೆ ಹತ್ತಿದನು. ಅಂಥ ಮುಖಗಳು ಒಂಬತ್ತು, ನೂರಕ್ಕೆ ನಲವತ್ತೈದು. ಮಳೆ ಬಂದು ಗೋಡೆ ಜಾರುತ್ತಿದ್ದರೆ ಕಷ್ಟವು ಹದಿನೇಳಾದೀತು. ಆಗ ನೂರಕ್ಕೆ ಮೂವತ್ತೈದು ಮಾತ್ರ. ಹಗ್ಗ ತಂದಿದ್ದರೆ? ಮಳೆ ನಿಲ್ಲುವವರೆಗೆ ಕಾದಿದ್ದರೆ? ಕಾವಲಿನವನಿಗೆ ಮೊದಲೇ ಲಂಚ ಕೊಟ್ಟಿದ್ದರೆ ಗೋಡೆ ಹತ್ತುವ ಪ್ರಮೇಯವೇ ಇರುತ್ತಿತ್ತೆ? ಈ ಆಟದಲ್ಲಿ ಬುದ್ಧಿಯು ಕೆಲಸಮಾಡುವುದು ದಾಳ ಕೈಬಿಡುವುದಕ್ಕೆ ಮೊದಲು. ಒಳ್ಳೆಯ ಆಟಗಾರನು ತನ್ನ ದಾಳಕ್ಕೆ ಆದಷ್ಟು ಕಡಿಮೆ ಕೆಲಸವನ್ನು ಉಳಿಸುವನು.

ಕಷ್ಟಕ್ಕೊಂದು ಅಂಕ, ಅದನ್ನು ಮುಟ್ಟಲು ಒಂದು ಎಸೆತ ಎಂಬ ಈ ಏಕರೂಪದ ಕ್ರಮವು ಆ ಆಟದಲ್ಲಿ ೨೦೦೦ದ ಆವೃತ್ತಿಯಿಂದ ನೆಲೆಗೊಂಡಿತು. ಅದಕ್ಕೆ ಮೊದಲು ಬೇರೆ ಬೇರೆ ಕಾರ್ಯಗಳಿಗೆ ಬೇರೆ ಬೇರೆ ಪಟ್ಟಿಗಳಿದ್ದವು. ಬೇರೆಯವರು ಬೇರೆ ದಾರಿಗಳನ್ನು ಹಿಡಿದರು. ೧೯೭೮ರ 'ರೂನ್‌ಕ್ವೆಸ್ಟ್' ಎಂಬ ಆಟವು ವಿದ್ಯೆಯನ್ನೇ ಶೇಕಡಾವಾರು ಬರೆದಿಟ್ಟಿತು: ಗೋಡೆ ಹತ್ತುವುದರಲ್ಲಿ ನಲವತ್ತೈದು ಎಂದಿದ್ದರೆ, ನೂರರವರೆಗಿನ ಎಸೆತದಲ್ಲಿ ನಲವತ್ತೈದು ಅಥವಾ ಅದಕ್ಕೆ ಕಡಿಮೆ ಬೀಳಬೇಕು. ೨೦೧೦ರ 'ಅಪೊಕಲಿಪ್ಸ್ ವರ್ಲ್ಡ್' ಎಂಬುದು ಎರಡು ಸಾಧಾರಣ ದಾಳಗಳಿಗೆ ಹಿಂದಿರುಗಿತು. ಅದರ ಹೊಸತನವಿರುವುದು ಫಲದಲ್ಲಿ. ಮೊತ್ತವು ಹತ್ತು ಅಥವಾ ಮೇಲಾದರೆ ಕಾರ್ಯ ಕೈಗೂಡಿತು. ಏಳರಿಂದ ಒಂಬತ್ತರವರೆಗೆ ಕೈಗೂಡಿತು, ಆದರೆ ಬೆಲೆ ತೆರಬೇಕು: ಗೋಡೆ ಹತ್ತಿದನು, ಕತ್ತಿಯು ಕೆಳಕ್ಕೆ ಬಿತ್ತು. ಆರು ಅಥವಾ ಕೆಳಗಾದರೆ ಸೂತ್ರಧಾರನ ಸರದಿ. ಕೂಡಿಸುವುದು ಕಳೆಯುವುದು ಏನೂ ಇಲ್ಲದಿದ್ದರೆ ಮೂವತ್ತಾರು ಬಗೆಗಳಲ್ಲಿ ಪೂರ್ಣಫಲಕ್ಕೆ ಆರು, ನಡುವಣ ಫಲಕ್ಕೆ ಹದಿನೈದು, ಸೋಲಿಗೆ ಹದಿನೈದು. ಸಂಸಾರವನ್ನು ನಡೆಸಿ ಬಲ್ಲವರಿಗೆ ಈ ಪ್ರಮಾಣವು ನಿಜಕ್ಕೆ ಬಹಳ ದೂರವೆಂದು ತೋರದು. ೧೯೯೧ರ 'ಆಂಬರ್' ಎಂಬ ಆಟವು ದಾಳವನ್ನೇ ಬಿಟ್ಟು ಫೆರ್ಡಿಯ ಪಕ್ಷವನ್ನು ವಹಿಸಿತು.

ದಾಳವನ್ನು ಎಸೆದವನು ಅದರ ಮಾತಿಗೆ ಕಟ್ಟುಬೀಳುವನೆ ಎಂಬುದು ಇಲ್ಲಿ ಉಳಿಯುವ ಪ್ರಶ್ನೆ. ಅನೇಕ ಸೂತ್ರಧಾರರು ಮುಂದೆ ಒಂದು ಮರೆಹಲಗೆಯನ್ನು ನಿಲ್ಲಿಸಿಕೊಂಡು ಅದರ ಹಿಂದೆ ದಾಳ ಹಾಕುವರು. ಮೂರು ತಿಂಗಳು ಆಡಿ ಬೆಳೆಸಿದ ವೀರನು ಒಂದು ಕ್ಷುದ್ರವಾದ ಗರದಿಂದ ಸಾಯುವ ಹೊತ್ತು ಬಂದಾಗ, ಹಲಗೆಯ ಹಿಂದಿನವನು ಕರುಣೆಯಿಂದ ಮತ್ತೊಂದು ಅಂಕವನ್ನು ಹೇಳಿಬಿಡುವುದುಂಟು. ಇದು ಸರಿಯೆನ್ನುವವರೂ ಉಂಟು, ಮಹಾಪರಾಧವೆನ್ನುವವರೂ ಉಂಟು. ಹಲಗೆಯ ಹಿಂದೆ ಕರುಣೆಗೆ ಎಡೆಕೊಟ್ಟರೆ ಶಕುನಿಗೂ ಎಡೆ ಸಿಕ್ಕಿತೆಂದೇ ಅರ್ಥ. ಗರವನ್ನು ಎಲ್ಲರ ಕಣ್ಣೆದುರಿಗೆ ಹಾಕುವ ಚೌಕಾಬಾರದ ಜಗಲಿಯು ಈ ವಿಷಯದಲ್ಲಿ ಮೇಲೆಂದು ಒಪ್ಪಬೇಕು. ಅಲ್ಲಿ ಕವಡೆಯೊಂದು ಓರೆಯಾಗಿ ನಿಂತರೂ ನಾಲ್ಕು ತಲೆಗಳು ಒಟ್ಟಿಗೆ ಬಗ್ಗುತ್ತವೆ.

ವಿರಾಟಪರ್ವದಲ್ಲಿ ಒಂದು ಸಂದರ್ಭವಿದೆ. ಉತ್ತರಕುಮಾರನು ಕೌರವರನ್ನು ಗೆದ್ದನೆಂಬ ಸುದ್ದಿ ಬಂದ ಮೇಲೆ ವಿರಾಟರಾಯನು ಕಂಕಭಟ್ಟನೊಡನೆ ದಾಳವಾಡುತ್ತಿರುತ್ತಾನೆ. ರಾಯನು ಮಗನನ್ನು ಹೊಗಳುತ್ತಾನೆ. ಕಂಕನು ಬೃಹನ್ನಳೆ ಸಾರಥಿಯಾಗಿರಲು ಗೆಲ್ಲದಿರುವುದುಂಟೆ ಎನ್ನುತ್ತಾನೆ. ಕೋಪಗೊಂಡ ರಾಯನು ಕೈಯಲ್ಲಿದ್ದ ದಾಳದಿಂದ ಅವನ ಮುಖಕ್ಕೆ ಹೊಡೆಯುತ್ತಾನೆ. ನೆತ್ತರು ನೆಲಕ್ಕೆ ಬೀಳದಂತೆ ಸೈರಂಧ್ರಿಯು ಪಾತ್ರೆಯೊಡ್ಡುತ್ತಾಳೆ. ಸಭಾಪರ್ವದಲ್ಲಿ ದಾಳ ಏನು ಹೇಳಿದರೂ ತಲೆಬಾಗಿಸಿದ ಧರ್ಮರಾಯನು ಇಲ್ಲಿ ದಾಳದ ಎದುರಿಗೇ ಕುಳಿತು ನಿಜವನ್ನು ಹೇಳಿ ಪೆಟ್ಟು ತಿಂದನು. ಹೀಗೆ ಹೇಳುವೆನೆಂದು ಅವನು ನಿಶ್ಚಯಿಸಿದುದು ಮೊದಲು; ದಾಳ ಬಂದು ಬಿದ್ದುದು ಆಮೇಲೆ.

ಪಗಡೆ ಚೌಕಾಬಾರಗಳ ಮನೆಯಲ್ಲಿ ಬೆಳೆದವರನ್ನು ಈ ಹೊಸ ಆಟಕ್ಕೆ ಕೂರಿಸಿದರೆ ಒಂದು ತೊಡಕು ಉಂಟಾಗುವುದು ಸಹಜ. ಸರದಿ ಬಂದೊಡನೆ ಕೈಯು ತಾನಾಗಿ ದಾಳವನ್ನು ಎತ್ತಿಕೊಳ್ಳುತ್ತದೆ. ಗರವನ್ನು ನೋಡಿ ಆಮೇಲೆ ಯೋಚಿಸುವುದೇ ಅವರಿಗೆ ಅಭ್ಯಾಸ. "ತಡೆಯಿರಿ, ಅಜ್ಜಿ," ಎಂದು ಮೊಮ್ಮಗನು ಅವರ ಕೈಯನ್ನು ಹಿಡಿಯಬೇಕಾದೀತು. "ದಾಳ ಆಮೇಲೆ. ನೀವು ಏನು ಮಾಡುತ್ತೀರಿ, ಅದನ್ನು ಮೊದಲು ಹೇಳಿ."